ಪೆಟ್ಟು ತಿನ್ನಲು ಬಲ್ಲವರು

ರೆಸ್ಲಿಂಗ್ ನೋಡುವಾಗ ನನ್ನ ಕಣ್ಣು ಯಾವಾಗಲೂ ಪೆಟ್ಟು ತಿನ್ನುವವನ ಮೇಲೆ ಇರುತ್ತದೆ. ಹೊಡೆಯುವವನು ಏನು ಮಾಡುತ್ತಾನೆ ಎಂಬುದು ಹೇಗೂ ಕಾಣುತ್ತದೆ. ಕ್ಯಾಮೆರಾ ಅವನ ಹಿಂದೆಯೇ ಓಡುತ್ತದೆ, ಕಾಮೆಂಟರಿಯವರು ಅವನ ಹೆಸರನ್ನೇ ಕೂಗುತ್ತಾರೆ. ಆದರೆ ಆ ಹೊಡೆತ ನಮ್ಮವರೆಗೆ ಬಂದು ಮುಟ್ಟುವುದು ಇನ್ನೊಬ್ಬನ ಮೈಯಿಂದ. ಅವನ ಮೊಣಕಾಲು ಹೇಗೆ ಕುಸಿಯಿತು, ಹಗ್ಗ ಹಿಡಿದು ಏಳಲು ಎಷ್ಟು ಹೊತ್ತು ತೆಗೆದುಕೊಂಡ, ಆಗಲೇ ಪೆಟ್ಟಾಗಿದ್ದ ಕಾಲನ್ನು ಈಗಲೂ ಎಳೆಯುತ್ತಿದ್ದಾನಾ ಅಥವಾ ಮರೆತುಬಿಟ್ಟನಾ. ಒಬ್ಬ ರೆಸ್ಲರ್ ಎಷ್ಟು ದೊಡ್ಡವನು ಎಂದು ನಾನು ತೀರ್ಮಾನ ಮಾಡುವುದು ಇಷ್ಟನ್ನು ನೋಡಿ.

ನಮ್ಮ ಉಡುಪಿಯಲ್ಲಿ ಈ ಮಾತು ಎತ್ತಿದರೆ ಎದುರಿನವರು ಕೇಳುವುದು ಒಂದೇ. "ಅದೆಲ್ಲ ಮೊದಲೇ ಫಿಕ್ಸ್ ಅಲ್ವಾ ಮಾರಾಯ?" ಹೌದು, ಫಿಕ್ಸೇ. ಅದರಲ್ಲಿ ಈಗ ಗುಟ್ಟೇನೂ ಉಳಿದಿಲ್ಲ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಎಂಬ ರೆಸ್ಲಿಂಗ್ ಕಂಪನಿಯವರೇ ಇದು ಸ್ಪರ್ಧೆ ಅಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಕ್ರೀಡಾ ಮಂಡಳಿಯ ನಿಯಮ, ತೆರಿಗೆ ಎಲ್ಲ ತಪ್ಪಲಿ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಯಾರು ಗೆಲ್ಲುತ್ತಾರೆ ಎಂಬುದು ರಿಂಗಿಗೆ ಇಳಿಯುವ ಮೊದಲೇ ಇಬ್ಬರಿಗೂ ಗೊತ್ತಿರುತ್ತದೆ. ಅಷ್ಟು ಹೇಳಿ ಮುಗಿಸುವವರು ಅಲ್ಲಿಗೇ ನಿಲ್ಲುತ್ತಾರೆ. ನನಗೆ ಕುತೂಹಲ ಶುರುವಾಗುವುದು ಅದರ ನಂತರ. ಫಲಿತಾಂಶ ಗೊತ್ತಿದ್ದ ಮೇಲೂ ಸಾವಿರಾರು ಜನ ಎದ್ದು ನಿಂತು ಕಿರುಚುವ ಹಾಗೆ ಕೆಲವರಿಗೆ ಮಾತ್ರ ಯಾಕೆ ಮಾಡಲು ಆಗುತ್ತದೆ?

ಮೊದಲು ನೆಲದ ವಿಷಯ. ರಿಂಗ್ ಅಂದರೆ ಹಾಸಿಗೆ ಅಂದುಕೊಂಡವರು ತುಂಬಾ ಜನ ಇದ್ದಾರೆ. ಅದು ಕಬ್ಬಿಣದ ಚೌಕಟ್ಟು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ತೆಳ್ಳಗಿನ ಫೋಮ್, ಅದರ ಮೇಲೆ ಎಳೆದು ಕಟ್ಟಿದ ಕ್ಯಾನ್ವಾಸ್. ಸ್ವಲ್ಪ ಬಳುಕುತ್ತದೆ ನಿಜ, ಆದರೆ ಮೆತ್ತಗಂತೂ ಇಲ್ಲ. ಹಾಗಾಗಿ ಕಲಿಯುವವರಿಗೆ ಮೊದಲು ಹೇಳಿಕೊಡುವುದೇ ಬೀಳುವುದನ್ನು. ಗದ್ದ ಎದೆಗೆ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ಬೆನ್ನಿನ ಮೇಲ್ಭಾಗ ಒಂದೇ ಸಲಕ್ಕೆ ಚಪ್ಪಟೆಯಾಗಿ ತಾಗಬೇಕು. ಎರಡೂ ಕೈ ಅಗಲಿಸಿ ನೆಲಕ್ಕೆ ಬಡಿಯಬೇಕು, ಆಗ ಪೆಟ್ಟು ಒಂದೇ ಕಡೆ ಕೂರದೆ ಹರಡಿಕೊಳ್ಳುತ್ತದೆ. ಉಸಿರು ಹೊರಗೆ ಬಿಡಬೇಕು. ಇದಕ್ಕೆ ಅವರು ಬಂಪ್ ಅನ್ನುತ್ತಾರೆ. ಸಾಧಾರಣ ರೆಸ್ಲರ್ ಒಬ್ಬ ವರ್ಷವಿಡೀ ಊರಿಂದ ಊರಿಗೆ ಓಡಾಡುತ್ತಾ ಇದನ್ನೇ ಮಾಡುತ್ತಿರುತ್ತಾನೆ. ಹಗ್ಗಕ್ಕೆ ಬೆನ್ನು ಕೊಟ್ಟು ಓಡುವುದು ಕೂಡ ಸುಲಭದ್ದಲ್ಲ. ಹೊಸಬರ ಪಕ್ಕೆಲುಬಿನ ಮೇಲೆ ನೀಲಿ ಬರೆ ಏಳುತ್ತದೆ.

ಅಂದರೆ ನೋವು ನಿಜ. ನಟನೆ ಏನಿದ್ದರೂ ಆ ನೋವಿನ ಮೇಲೆ ಕಟ್ಟುವಂಥದ್ದು. ಬಿದ್ದದ್ದನ್ನು ಜನರಿಗೆ ಮುಟ್ಟಿಸುವುದಕ್ಕೆ ಅವರ ಭಾಷೆಯಲ್ಲಿ ಸೆಲ್ಲಿಂಗ್ ಅನ್ನುತ್ತಾರೆ. ಪೆಟ್ಟನ್ನು ಜನರ ಪಾಲಿಗೆ ನಿಜ ಮಾಡಿ ತೋರಿಸುವ ಕೆಲಸ ಅದು. ನನ್ನ ಮಟ್ಟಿಗೆ ಈ ಕಲೆಯ ಜೀವ ಇರುವುದು ಅಲ್ಲಿ.

ಇದನ್ನು ತೋರಿಸಲು ನಾನು ಮೊದಲು ಹೇಳುವ ಹೆಸರು ಬ್ರೆಟ್ ಹಾರ್ಟ್. 1992ರ ಆಗಸ್ಟ್ 29ಕ್ಕೆ ಲಂಡನ್‌ನ ವೆಂಬ್ಲಿ ಸ್ಟೇಡಿಯಂನಲ್ಲಿ ಸಮ್ಮರ್‌ಸ್ಲ್ಯಾಮ್ ಎಂಬ ದೊಡ್ಡ ಕಾರ್ಯಕ್ರಮ ನಡೆಯಿತು. ಕೊನೆಯ ಪಂದ್ಯ ಬ್ರೆಟ್ ಮತ್ತು ಬ್ರಿಟಿಷ್ ಬುಲ್‌ಡಾಗ್ ಡೇವಿ ಬಾಯ್ ಸ್ಮಿತ್ ನಡುವೆ. ಡೇವಿ ಬ್ರೆಟ್‌ನ ತಂಗಿಯ ಗಂಡ. ದೇಶ ಡೇವಿಯದ್ದು, ಜನ ಡೇವಿಯ ಕಡೆ, ಗೆಲ್ಲಬೇಕಾದವನೂ ಡೇವಿ. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೇ ಡೇವಿಗೆ ಮಾತಾಡಿಕೊಂಡದ್ದೆಲ್ಲ ಮರೆತುಹೋಯಿತು ಎಂದು ಬ್ರೆಟ್ ಆಮೇಲೆ ಹೇಳಿಕೊಂಡಿದ್ದಾನೆ. ಎದುರಿಗೆ ಎಂಬತ್ತು ಸಾವಿರದಷ್ಟು ಜನ. ತಲೆಯಲ್ಲಿ ಏನೂ ಇಲ್ಲ. ಅಲ್ಲಿಂದ ಮುಂದಕ್ಕೆ ಬ್ರೆಟ್ ಒಂದೊಂದೇ ಹೆಜ್ಜೆಯನ್ನು ಡೇವಿಯ ಕಿವಿಯಲ್ಲಿ ಹೇಳುತ್ತಾ ಹೋದ.

ಆ ಪಂದ್ಯವನ್ನು ಇದು ಗೊತ್ತಿದ್ದು ನೋಡಬೇಕು. ಬ್ರೆಟ್ ಡೇವಿಯ ಕುತ್ತಿಗೆಗೆ ಹಿಡಿತ ಹಾಕಿ ನೆಲದ ಮೇಲೆ ಕೂತಿರುತ್ತಾನೆ. ಒದ್ದೆ ಕೂದಲು ಮುಖದ ಮೇಲೆ ಬಿದ್ದಿರುತ್ತದೆ, ಬಾಯಿ ಕಾಣುವುದಿಲ್ಲ. ನೋಡುವವರಿಗೆ ಅವನು ಉಸಿರು ಕಟ್ಟಿಸುತ್ತಿದ್ದಾನೆ. ನಿಜಕ್ಕೂ ಅವನು ಮುಂದಿನ ಪಾಠ ಹೇಳಿಕೊಡುತ್ತಿದ್ದಾನೆ. ಡೇವಿ ಬಲಶಾಲಿ, ಎತ್ತಿ ಬಿಸಾಡುವುದರಲ್ಲಿ ಗಟ್ಟಿ. ಆ ಗಟ್ಟಿತನವೊಂದೇ ಜನರಿಗೆ ಕಾಣುವ ಹಾಗೆ ಬ್ರೆಟ್ ಪಂದ್ಯವನ್ನು ಹೆಣೆದ. ಮೂಲೆಗೆ ಎಸೆದರೆ ಬೆನ್ನು ಕೊಡದೆ ಎದೆಯನ್ನೇ ಕೊಟ್ಟು ಬಡಿಸಿಕೊಳ್ಳುವುದು ಬ್ರೆಟ್‌ನದ್ದೇ ರೀತಿ. ಆ ಸದ್ದು ಕೇಳಿದರೆ ಎಸೆದವನು ರಾಕ್ಷಸ ಅನ್ನಿಸಲೇಬೇಕು. ಸುಮಾರು ಇಪ್ಪತ್ತೈದು ನಿಮಿಷದ ಕೊನೆಗೆ ಬ್ರೆಟ್ ಹಾಕಿದ ಪಟ್ಟನ್ನೇ ಡೇವಿ ತಿರುಗಿಸಿ ಕೂತು ಗೆದ್ದ. ಸ್ಟೇಡಿಯಂ ಹುಚ್ಚೆದ್ದಿತು. ಡೇವಿಯ ಬದುಕಿನ ದೊಡ್ಡ ರಾತ್ರಿ ಅದು. ಅದನ್ನು ಅವನ ಕೈಗೆ ಇಟ್ಟವನು ಸೋತು ಮಲಗಿದ್ದ.

ನಮ್ಮ ಕರಾವಳಿಯವರಿಗೆ ಇದು ಹೊಸದಾಗಿ ಕಾಣಬಾರದು. ಯಕ್ಷಗಾನದಲ್ಲಿ ಪ್ರಸಂಗದ ಪದ್ಯ ಇರುತ್ತದೆ, ಅರ್ಥ ಯಾರೂ ಬರೆದುಕೊಡುವುದಿಲ್ಲ. ಭಾಗವತರು ಪದ ಹೇಳಿದ ಮೇಲೆ ವೇಷಧಾರಿ ಮಾತು ಹುಟ್ಟಿಸಿಕೊಳ್ಳಬೇಕು. ಗದಾಯುದ್ಧದಲ್ಲಿ ಕೌರವ ತೊಡೆ ಮುರಿದು ಬೀಳುತ್ತಾನೆ ಎಂಬುದು ಮುಂದಿನ ಸಾಲಿನಲ್ಲಿ ಕೂತ ಮಗುವಿಗೂ ಗೊತ್ತು. ಆದರೂ ರಾತ್ರಿ ನಿದ್ದೆಗೆಟ್ಟು ಕೂರುತ್ತೇವೆ ಅಲ್ವಾ? ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ, ಮಾತೇ ಎಲ್ಲ. ಅಲ್ಲಿ ಎದುರು ಪಾತ್ರಧಾರಿಯನ್ನು ಮಾತಿನಲ್ಲಿ ಕಟ್ಟಿಹಾಕಿ ಚಪ್ಪಾಳೆ ಗಿಟ್ಟಿಸುವವರು ಒಂದು ಬಗೆ. ಎದುರಿನವರ ಒಳ್ಳೆಯ ಮಾತು ಹೊರಗೆ ಬರುವ ಹಾಗೆ ಪ್ರಶ್ನೆ ಇಡುವವರು ಇನ್ನೊಂದು ಬಗೆ. ಬೆಳಗ್ಗೆ ಮನೆಗೆ ಹೋಗುವಾಗ ದಾರಿಯಲ್ಲಿ ಜನ ಮಾತಾಡಿಕೊಳ್ಳುವುದು ಎರಡನೆಯವರ ಬಗ್ಗೆ. ಬ್ರೆಟ್ ಆ ಎರಡನೆಯ ಬಗೆಯವನು.

ಹಾಗಂತ ಎಲ್ಲರೂ ಅಲ್ಲಲ್ಲೇ ಹುಟ್ಟಿಸಿಕೊಂಡು ಆಡಬೇಕು ಎಂದೇನಿಲ್ಲ. ರ‍್ಯಾಂಡಿ ಸ್ಯಾವೇಜ್‌ನ ದಾರಿ ಪೂರ್ತಿ ಬೇರೆ. 1987ರ ಮಾರ್ಚ್ 29ರಂದು ನಡೆದ, ಕಂಪನಿಯ ವರ್ಷದ ಅತಿ ದೊಡ್ಡ ಕಾರ್ಯಕ್ರಮವಾದ ಮೂರನೇ ರೆಸಲ್‌ಮೇನಿಯಾದಲ್ಲಿ ರಿಕಿ ಸ್ಟೀಮ್‌ಬೋಟ್ ಜೊತೆ ಅವನು ಆಡಿದ ಪಂದ್ಯವನ್ನು ಇವತ್ತಿಗೂ ರೆಸ್ಲರ್‌ಗಳು ಪಾಠದ ಹಾಗೆ ನೋಡುತ್ತಾರೆ. ಸ್ಯಾವೇಜ್ ಪ್ರತಿ ಹೆಜ್ಜೆಯನ್ನೂ ಮೊದಲೇ ಬರೆದಿಟ್ಟಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ಅಷ್ಟು ಬರೆದಿಟ್ಟು ಆಡಿದರೂ ಪಂದ್ಯದಲ್ಲಿ ಎಲ್ಲೂ ಬಾಯಿಪಾಠದ ವಾಸನೆ ಇಲ್ಲ. ಅದಕ್ಕೆ ಕಾರಣ ಸ್ಟೀಮ್‌ಬೋಟ್. ಕಥೆಯ ಪ್ರಕಾರ ಕೆಲವು ತಿಂಗಳ ಹಿಂದೆ ಸ್ಯಾವೇಜ್ ರಿಂಗಿನ ಗಂಟೆಯಿಂದ ಅವನ ಗಂಟಲು ಜಜ್ಜಿದ್ದ. ಪಂದ್ಯದಲ್ಲಿ ಗಂಟಲಿಗೆ ಒಂದು ಸಣ್ಣ ಪೆಟ್ಟು ಬಿದ್ದರೂ ಸ್ಟೀಮ್‌ಬೋಟ್ ಎರಡೂ ಕೈ ಕುತ್ತಿಗೆಗೆ ಒಯ್ಯುತ್ತಾನೆ. ಹೆದರಿಕೆ ಕಣ್ಣಿನಲ್ಲಿ ಬಂದು ಹೋಗುತ್ತದೆ. ಹಳೆಯ ಕಥೆಯನ್ನು ಒಂದು ಮಾತಿಲ್ಲದೆ ನೆನಪಿಸುವುದು ಹೀಗೆ. ಸ್ಯಾವೇಜ್ ಕೊನೆಗೆ ಮತ್ತೆ ಆ ಗಂಟೆ ಎತ್ತಿಕೊಂಡಾಗ ಇಡೀ ಜಾಗ ಎದ್ದು ನಿಂತದ್ದು ಅದಕ್ಕೇ.

ಅದೇ ದಿನದ ಕೊನೆಯ ಪಂದ್ಯ ಹಲ್ಕ್ ಹೋಗನ್ ಮತ್ತು ಆಂಡ್ರೆ ದ ಜೈಂಟ್‌ದು. ಪ್ರಪಂಚಕ್ಕೆ ನೆನಪಿರುವುದು ಹೋಗನ್ ಆಂಡ್ರೆಯನ್ನು ಎತ್ತಿ ನೆಲಕ್ಕೆ ಹಾಕಿದ ಆ ಕ್ಷಣ. ನಾವು ಶಾಲೆಗೆ ಹೋಗುವಾಗ ಅಂಗಡಿಯಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಕಾರ್ಡು ಸಿಗುತ್ತಿತ್ತು. ರ‍್ಯಾಂಕ್, ಎತ್ತರ, ತೂಕ, ಎದೆ, ಬೈಸೆಪ್ಸ್. ಯಾರ ಕಾರ್ಡಿನಲ್ಲಿ ಅಂಕಿ ಜಾಸ್ತಿ ಅವರು ಗೆದ್ದರು. ಆ ಕಾರ್ಡಿನ ಲೆಕ್ಕದಲ್ಲಿ ನೋಡಿದರೆ ಹೋಗನ್ ಎತ್ತಿದ, ಆದ್ದರಿಂದ ಹೋಗನ್ ದೊಡ್ಡವನು. ಆದರೆ ಆಂಡ್ರೆಯ ಮೈಯ ಸ್ಥಿತಿ ಆಗ ಹೇಗಿತ್ತು ಗೊತ್ತಾ? ಅವನಿಗೆ ಅಕ್ರೊಮೆಗಲಿ ಎಂಬ ಕಾಯಿಲೆ. ಬೆಳವಣಿಗೆಯ ಹಾರ್ಮೋನು ನಿಲ್ಲದೆ ಸುರಿಯುವುದರಿಂದ ಮೂಳೆ, ಕೈಕಾಲು, ಮುಖ ಎಲ್ಲ ಬೆಳೆಯುತ್ತಲೇ ಹೋಗುವ ಕಾಯಿಲೆ. ಹಿಂದಿನ ವರ್ಷವಷ್ಟೇ ಬೆನ್ನಿನ ಆಪರೇಷನ್ ಆಗಿತ್ತು. ನಡೆಯುವುದೇ ಕಷ್ಟ. ಆಂಡ್ರೆ ಬೇಡ ಅಂದಿದ್ದರೆ ಆ ದಿನ ಅವನನ್ನು ಎತ್ತುವವರು ಯಾರೂ ಇರಲಿಲ್ಲ.

ಪಂದ್ಯದ ಶುರುವಿನಲ್ಲೇ ಹೋಗನ್ ಒಮ್ಮೆ ಎತ್ತಲು ಹೋಗಿ, ಆಗದೆ, ಆಂಡ್ರೆಯ ಅಡಿಗೆ ಬೀಳುತ್ತಾನೆ. ಭುಜ ನೆಲಕ್ಕೆ ತಾಗಿರುವಾಗ ರೆಫ್ರಿ ಮೂರು ಎಣಿಸಿದರೆ ಸೋಲು, ಆ ಎಣಿಕೆ ಮೂರರ ಹತ್ತಿರ ಹೋಗಿ ನಿಲ್ಲುತ್ತದೆ. ಕೊನೆಯಲ್ಲಿ ಎತ್ತಿದಾಗ ಸಿಕ್ಕ ಕೂಗಿನ ಬೀಜ ಇರುವುದು ಆ ಸೋಲಿನಲ್ಲಿ. ಆಂಡ್ರೆ ಜಾಸ್ತಿ ಏನೂ ಮಾಡುವುದಿಲ್ಲ. ನಿಲ್ಲುತ್ತಾನೆ, ಹಿಡಿಯುತ್ತಾನೆ, ನಿಧಾನಕ್ಕೆ ತಿರುಗುತ್ತಾನೆ. ಪಟ್ಟುಗಳ ಲೆಕ್ಕ ಹಾಕಿದರೆ ಅದು ಬಡ ಪಂದ್ಯ. ಆದರೆ ತನ್ನ ಇಡೀ ಹೆಸರನ್ನು ಇನ್ನೊಬ್ಬನ ಕೈಗೆ ಕೊಟ್ಟು ಬೀಳುವುದಕ್ಕೆ ಬೇಕಾದ ಮನಸ್ಸು ಎಲ್ಲರಲ್ಲೂ ಇರುವುದಿಲ್ಲ. ಅವನು 1993ರ ಜನವರಿಯಲ್ಲಿ ತೀರಿಕೊಂಡ. ಮೂರನೇ ರೆಸಲ್‌ಮೇನಿಯಾ ನೋಡುವಾಗ ನನಗೆ ಹೋಗನ್‌ಗಿಂತ ಅವನ ಮೇಲೆಯೇ ಪ್ರೀತಿ ಉಕ್ಕುತ್ತದೆ.

ಖಲಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಿಮಾಚಲದ ದಲೀಪ್ ಸಿಂಗ್ ರಾಣಾ 2006ರಲ್ಲಿ ದ ಗ್ರೇಟ್ ಖಲಿ ಆಗಿ ಬಂದಾಗ ನಮ್ಮ ಕಡೆಯ ಹುಡುಗರಿಗೆ ಆದ ಖುಷಿ ನನಗೆ ಚೆನ್ನಾಗಿ ನೆನಪಿದೆ. ನಮ್ಮವನೊಬ್ಬ, ಸತ್ತವನ ಪಾತ್ರದಲ್ಲಿ ಬರುತ್ತಿದ್ದ ಅಂಡರ್‌ಟೇಕರ್‌ನ ಎದುರು ನಿಂತಿದ್ದಾನೆ, ಅಂಡರ್‌ಟೇಕರೇ ತಲೆ ಎತ್ತಿ ನೋಡಬೇಕಾಗಿದೆ. ಮರುವರ್ಷ ಜುಲೈಯಲ್ಲಿ ಅವನು ವರ್ಲ್ಡ್ ಹೆವಿವೇಟ್ ಚಾಂಪಿಯನ್ ಕೂಡ ಆದ. ಆ ಹೆಮ್ಮೆ ನನಗೂ ಇತ್ತು, ಈಗಲೂ ಉಂಟು. ಆದರೆ ರಿಂಗಿನ ಒಳಗಿನ ಕೆಲಸ ನೋಡಿದರೆ ಖಲಿಯ ಓಡಾಟ ಕಷ್ಟದ್ದು. ಹಾಗಾದರೆ 2006ರ ಮೇ ತಿಂಗಳ ಆ ಪಂದ್ಯದಲ್ಲಿ ಅವನು ಅಷ್ಟು ಭಯಂಕರವಾಗಿ ಕಂಡದ್ದು ಹೇಗೆ? ಹಾಗೆ ಕಾಣುವಂತೆ ಮಾಡಿದ್ದು ಅಂಡರ್‌ಟೇಕರ್. ಯಾರ ಪೆಟ್ಟಿಗೂ ಬಗ್ಗದವನು ಖಲಿಯ ಹೊಡೆತ ಬಿದ್ದ ಕೂಡಲೇ ಕಡಿದ ಮರವಾದ. ನೇರವಾಗಿ, ಯಾವ ನೆಪವೂ ಇಲ್ಲದೆ ಸೋತ. ಖಲಿಯ ಹೆಸರು ಭಾರತದಲ್ಲಿ ಅಷ್ಟು ದೊಡ್ಡದಾಗುವುದಕ್ಕೆ ಅಂಡರ್‌ಟೇಕರ್ ಆ ದಿನ ಕೊಟ್ಟ ಬೆನ್ನು ತುಂಬಾ ದೊಡ್ಡ ಕಾರಣ.

ಅಂಡರ್‌ಟೇಕರ್ ಅಂದರೆ ನಮ್ಮ ಮನೆಯಲ್ಲಿ ಬೇರೆಯೇ ಒಂದು ಮರ್ಯಾದೆ. ನನ್ನ ಅಮ್ಮಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಕಂಪನಿಯ ಹೆಸರೂ ಗೊತ್ತಿರಲಿಲ್ಲ. ಆದರೆ ಟೆನ್ ಸ್ಪೋರ್ಟ್ಸ್‌ನಲ್ಲಿ ಗಂಟೆ ಬಾರಿಸಿ ದೀಪ ಆರಿದ ಕೂಡಲೇ ಅಡುಗೆ ಮನೆಯಿಂದ ಕೈ ಒರೆಸಿಕೊಂಡು ಬರುತ್ತಿದ್ದರು. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುವರು. ಅವನು ಬಿದ್ದರೆ ಕೇಳುವರು, "ಅವ ಏಳ್ತಾನಾ ಇಲ್ವಾ ಮಗಾ?" ಎದ್ದು ಕೂತರೆ ಕೈ ಮುಗಿಯುವಷ್ಟು ಸಂತೋಷ. ಕಟೀಲು ಮೇಳದ ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಬರುವುದನ್ನು ನೋಡಿ ಬೆಳೆದವರು ಅವರು. ಮಹಿಷ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಜನರ ನಡುವಿನಿಂದ ಬರುತ್ತಾನೆ, ದೊಂದಿಯ ಬೆಳಕಿನಲ್ಲಿ. ರಾಳ ಎರಚಿದಾಗ ಬೆಂಕಿ ಭಗ್ಗನೆ ಏಳುತ್ತದೆ. ಕೊಂಬು ಮೊದಲು ಕಾಣುತ್ತದೆ, ಮುಖ ಆಮೇಲೆ. ಮಕ್ಕಳು ತಾಯಿಯ ಸೆರಗಿನೊಳಗೆ ಹೋಗುತ್ತವೆ. ಅವನು ಇನ್ನೂ ಒಂದು ಮಾತು ಆಡಿಲ್ಲ, ಯಾರನ್ನೂ ಮುಟ್ಟಿಲ್ಲ. ಪಾತ್ರ ಆಗಲೇ ಮುಕ್ಕಾಲು ಪಾಲು ಗೆದ್ದಾಗಿದೆ. ಅಂಡರ್‌ಟೇಕರ್ ಆ ಉದ್ದನೆಯ ದಾರಿಯಲ್ಲಿ ಅಷ್ಟು ನಿಧಾನಕ್ಕೆ ನಡೆದು ಬರುವುದರ ಬೆಲೆ ಅಮ್ಮಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1990ರ ನವೆಂಬರ್‌ನಲ್ಲಿ ಅಂಡರ್‌ಟೇಕರ್ ಮೊದಲು ಬಂದಾಗ ಪೆಟ್ಟು ಬಿದ್ದರೂ ಮುಖ ಕದಲುತ್ತಿರಲಿಲ್ಲ. ಸತ್ತವನಿಗೆ ಏನು ನೋವು ಎಂಬುದು ಆ ಪಾತ್ರದ ತರ್ಕ. ಅದು ಕೆಲವು ವರ್ಷಕ್ಕೆ ಸಾಕು, ಇಡೀ ಬದುಕಿಗೆ ಸಾಲದು. ಅವನ ದೊಡ್ಡತನ ಏನೆಂದರೆ ಆ ಕಲ್ಲಿನ ಮುಖವನ್ನು ನಿಧಾನಕ್ಕೆ ಒಡೆಯಲು ಬಿಟ್ಟದ್ದು. 2009ರ ಏಪ್ರಿಲ್ 5ರಂದು ಹ್ಯೂಸ್ಟನ್‌ನಲ್ಲಿ ಶಾನ್ ಮೈಕಲ್ಸ್ ಜೊತೆಗಿನ ಪಂದ್ಯ ನೋಡಿ. ಅರ್ಧ ಗಂಟೆಯ ಪಂದ್ಯ. ಅಂಡರ್‌ಟೇಕರ್ ಹಗ್ಗದ ಮೇಲಿಂದ ಹೊರಗೆ ಹಾರಿದಾಗ ಹಿಡಿಯಬೇಕಾದವನು ಸರಿಯಾಗಿ ಹಿಡಿಯಲಿಲ್ಲ, ತಲೆ ನೆಲಕ್ಕೆ ಬಡಿಯಿತು. ಅದು ಬರೆದ ಕಥೆಯಲ್ಲಿ ಇದ್ದದ್ದಲ್ಲ. ಆದರೂ ಪಂದ್ಯ ಮುಂದೆ ಹೋಯಿತು. ಆಮೇಲೆ ಬರುತ್ತದೆ ನಾನು ಹೇಳಬೇಕೆಂದಿರುವ ಆ ಗಳಿಗೆ. ಅಂಡರ್‌ಟೇಕರ್ ತನ್ನ ಟೂಂಬ್‌ಸ್ಟೋನ್ ಹಾಕುತ್ತಾನೆ, ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ನೆಲಕ್ಕೆ ಕುಕ್ಕುವ ಪಟ್ಟು ಅದು. ಮೈಕಲ್ಸ್‌ನ ಎರಡೂ ಕೈ ಎದೆಯ ಮೇಲೆ ಕಟ್ಟಿ ಮೇಲೆ ಮಲಗುತ್ತಾನೆ. ಒಂದು, ಎರಡು, ಮೂರನೆಯದಕ್ಕೆ ರೆಫ್ರಿಯ ಕೈ ಇಳಿಯುವಷ್ಟರಲ್ಲಿ ಮೈಕಲ್ಸ್‌ನ ಭುಜ ಏಳುತ್ತದೆ. ಕ್ಯಾಮೆರಾ ಅಂಡರ್‌ಟೇಕರ್ ಮುಖಕ್ಕೆ ಹೋಗುತ್ತದೆ. ಕಣ್ಣು ಅಗಲ, ಬಾಯಿ ತೆರೆದದ್ದು ತೆರೆದ ಹಾಗೇ. ಅಷ್ಟು ವರ್ಷ ಏನನ್ನೂ ತೋರಿಸದ ಮುಖದ ಮೇಲೆ ಹೆದರಿಕೆ. ಆ ಒಂದು ನೋಟಕ್ಕೆ ಹದಿನೆಂಟು ವರ್ಷದ ಕಲ್ಲುತನವೇ ಬಂಡವಾಳ.

ಮೈಕಲ್ಸ್ ಕೂಡ ಕಮ್ಮಿಯವನಲ್ಲ. 1998ರಲ್ಲಿ ಬೆನ್ನಿಗೆ ದೊಡ್ಡ ಪೆಟ್ಟು ಮಾಡಿಕೊಂಡು ನಾಲ್ಕು ವರ್ಷ ಹೊರಗೆ ಕೂತು, 2002ರಲ್ಲಿ ವಾಪಸು ಬಂದು, ಮೊದಲಿಗಿಂತ ಒಳ್ಳೆಯ ಕೆಲಸ ಮಾಡಿದವನು. ಸಣ್ಣ ಮೈಯವನು ದೊಡ್ಡ ಮೈಯವನ ಪೆಟ್ಟಿಗೆ ಹೇಗೆ ಹಾರಿ ಬೀಳಬೇಕು ಎಂಬುದಕ್ಕೆ ಅವನನ್ನು ಮೀರಿಸಿದವರು ನನಗೆ ಕಂಡಿಲ್ಲ.

ಇನ್ನೊಂದು ಗುಣ ಜನರ ಮಾತಿಗೆ ಕಿವಿ ಕೊಡುವುದು. 2002ರ ಮಾರ್ಚ್ 17, ಟೊರೊಂಟೊದ ಸ್ಕೈಡೋಮ್. ದ ರಾಕ್ ಎಂಬ ರೆಸ್ಲರ್ ನಾಯಕ, ಹೋಗನ್ ಖಳ. ಬರೆದುಕೊಂಡದ್ದು ಹಾಗೆ. ಇಬ್ಬರೂ ಎದುರುಬದುರು ನಿಂತ ಕೂಡಲೇ ಅರವತ್ತು ಸಾವಿರಕ್ಕೂ ಮೇಲಿನ ಜನ ಹೋಗನ್ ಪರವಾಗಿ ಕೂಗತೊಡಗಿದರು. ನಲವತ್ತೆಂಟು ವರ್ಷದ ಮುದುಕನಾಗುತ್ತಿದ್ದವನಿಗೆ ಜೈಕಾರ, ಆಗಿನ ಕಾಲದ ದೊಡ್ಡ ಸ್ಟಾರ್‌ಗೆ ಬೈಗುಳ. ಸಾಧಾರಣ ಆಟಗಾರ ಆಗಿದ್ದರೆ ತನ್ನ ಪಾಠವನ್ನೇ ಹಿಡಿದುಕೊಂಡು ಹೋಗುತ್ತಿದ್ದ. ರಾಕ್ ಹಾಗೆ ಮಾಡಲಿಲ್ಲ. ನಿಂತು ಆ ಕೂಗು ಕೇಳಿಸಿಕೊಂಡ. ತಲೆ ಆಚೆ ಈಚೆ ತಿರುಗಿಸಿದ. ನಂತರ ಸ್ವಲ್ಪ ಸ್ವಲ್ಪವೇ ಒರಟಾದ. ಜನ ಯಾರನ್ನು ಪ್ರೀತಿಸಬೇಕು ಎಂದುಕೊಂಡಿದ್ದರೋ ಅವನನ್ನೇ ಪ್ರೀತಿಸಲು ಜಾಗ ಮಾಡಿಕೊಟ್ಟ. ಹೋಗನ್ ಹಳೆಯ ಕಾಲದ ಹಾಗೆ ಮೈ ನಡುಗಿಸಿ, ಗುದ್ದನ್ನೆಲ್ಲ ಲೆಕ್ಕಿಸದೆ ಬೆರಳು ತೋರಿಸಿದಾಗ ರಾಕ್‌ನ ಮುಖದಲ್ಲಿ ದಿಗಿಲು ಕಾಣಿಸಿತು. ಕೊನೆಗೆ ಗೆದ್ದವನು ರಾಕ್. ಆದರೂ ಆ ರಾತ್ರಿಯನ್ನು ಹೋಗನ್‌ನದ್ದು ಮಾಡಿದ.

ಖಳರಾಗಿ ಇದನ್ನು ಮಾಡುವುದು ಇನ್ನೂ ಕಷ್ಟ. ಈಗಿನ ಎಷ್ಟೋ ಖಳರಿಗೆ ಜನರಿಂದ ಮೆಚ್ಚಿಸಿಕೊಳ್ಳುವ ಆಸೆ. ಚೆಂದದ ಪಟ್ಟು ಹಾಕುತ್ತಾರೆ, ಚೆಂದದ ಬಟ್ಟೆ ಹಾಕುತ್ತಾರೆ, ಜನ ಚಪ್ಪಾಳೆ ಹೊಡೆಯುತ್ತಾರೆ, ಪಾಪದ ನಾಯಕ ಏನು ಮಾಡಬೇಕು? 2015ರ ಅಕ್ಟೋಬರ್‌ನಲ್ಲಿ ಫ್ಲೋರಿಡಾದಲ್ಲಿ ಸಾಶಾ ಬ್ಯಾಂಕ್ಸ್ ಮತ್ತು ಬೇಲಿ ಎಂಬ ಇಬ್ಬರು ಮಹಿಳಾ ರೆಸ್ಲರ್‌ಗಳು ಮೂವತ್ತು ನಿಮಿಷದ ಐರನ್ ಮ್ಯಾನ್ ಪಂದ್ಯ ಆಡಿದರು, ಅಂದರೆ ಅಷ್ಟು ಹೊತ್ತಿನಲ್ಲಿ ಹೆಚ್ಚು ಸಲ ಸೋಲಿಸಿದವರಿಗೆ ಗೆಲುವು. ಸಾಶಾ ಖಳ. ಮುಂದಿನ ಸಾಲಿನಲ್ಲಿ ಬೇಲಿಯ ಪುಟ್ಟ ಅಭಿಮಾನಿ ಒಬ್ಬಳು ಬೇಲಿಯ ಹಾಗೇ ತಲೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಪಂದ್ಯದ ನಡುವೆ ಸಾಶಾ ಹೋಗಿ ಆ ಮಗುವಿನ ತಲೆಯ ಪಟ್ಟಿಯನ್ನೇ ಕಿತ್ತುಕೊಂಡಳು. ಮಗು ಅತ್ತಿತು. ಸಾಶಾ ಅಳುವ ಹಾಗೆ ಅಣಕಿಸಿದಳು. ಒಂದು ಪಟ್ಟೂ ಇಲ್ಲ, ಯಾರಿಗೂ ನೋವಿಲ್ಲ. ಆದರೆ ಅಲ್ಲಿಂದ ಮುಂದೆ ಬೇಲಿ ಗೆಲ್ಲಲೇಬೇಕು ಎಂದು ಅನ್ನಿಸದವರು ಒಬ್ಬರೂ ಉಳಿಯಲಿಲ್ಲ. ಬೇಲಿ ಮೂರು ಎರಡರಿಂದ ಗೆದ್ದಳು. ಸಾಶಾ ತನ್ನ ಮೇಲೆ ಅಷ್ಟೂ ದ್ವೇಷ ಎಳೆದುಕೊಂಡದ್ದರಿಂದಲೇ ಆ ಗೆಲುವಿಗೆ ತೂಕ ಬಂತು.

ಈಗ ನನಗೆ ಹಿಡಿಸದ್ದನ್ನೂ ಹೇಳಬೇಕು. ಇವತ್ತಿನ ಪಂದ್ಯಗಳಲ್ಲಿ ಬೀಳುವುದು ಜಾಸ್ತಿ, ಬಿದ್ದದ್ದಕ್ಕೆ ಬೆಲೆ ಕಮ್ಮಿ. ಕುತ್ತಿಗೆ ಮುರಿಯಬೇಕಾದ ಪಟ್ಟು ತಿಂದವನು ಮರುಕ್ಷಣ ಎದ್ದು ಓಡುತ್ತಾನೆ. ಕಾಲು ಮುರಿದ ಹಾಗೆ ಹತ್ತು ನಿಮಿಷ ಕುಂಟಿದವನು ಕೊನೆಗೆ ಅದೇ ಕಾಲಿನಲ್ಲಿ ಹಾರುತ್ತಾನೆ. ಆಗ ಹಿಂದಿನ ಹತ್ತು ನಿಮಿಷ ನಾನು ಯಾಕೆ ನೋಡಿದೆ? ಸುಮ್ನೆ ಸಾಹಸಕ್ಕೆಂದು ಎತ್ತರದಿಂದ ಹಾರುವುದನ್ನು ನೋಡಲು ನನಗೆ ಈಗ ಮನಸ್ಸಾಗುವುದಿಲ್ಲ. 1998ರ ಜೂನ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಿಕ್ ಫೋಲಿ ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಮೇಜಿನ ಮೇಲೆ ಬಿದ್ದ. ಆ ಧೈರ್ಯಕ್ಕೆ ನನ್ನ ಗೌರವ ಉಂಟು. ಆದರೆ ಫೋಲಿ ದೊಡ್ಡವನಾದದ್ದು ಅವನ ಮಾತಿನಿಂದ, ಅವನ ಪಾತ್ರದ ಒಳಗಿನ ಮೃದುವಿನಿಂದ. ಅವನನ್ನು ಅನುಕರಿಸಿದವರು ಬಿದ್ದದ್ದನ್ನಷ್ಟೇ ಕಲಿತರು.

ಪಟ್ಟುಗಳ ಮಳೆಯ ಕಾಲದಲ್ಲೂ ತಡೆದುಕೊಳ್ಳಬಲ್ಲವರು ಇದ್ದಾರೆ. 2017ರ ಜನವರಿ 4ರಂದು ಟೋಕಿಯೊ ಡೋಮ್‌ನಲ್ಲಿ ಕಝುಚಿಕಾ ಒಕಾಡ ಮತ್ತು ಕೆನ್ನಿ ಒಮೆಗಾ ಮುಕ್ಕಾಲು ಗಂಟೆ ಮೀರಿ ಆಡಿದರು. ಬೇಕಾದಷ್ಟು ಹಾರಾಟ, ಹೊಡೆದಾಟ ಎಲ್ಲ ಇತ್ತು. ಆದರೆ ಒಮೆಗಾನ ದೊಡ್ಡ ಪಟ್ಟು ಒನ್ ವಿಂಗ್ಡ್ ಏಂಜಲ್ ಮಾತ್ರ ಆ ಪಂದ್ಯದಲ್ಲಿ ಒಮ್ಮೆಯೂ ಬೀಳಲಿಲ್ಲ. ಭುಜದ ಮೇಲೆ ಎತ್ತಿಕೊಳ್ಳುವವರೆಗೆ ಬರುತ್ತದೆ, ಒಕಾಡ ಜಾರಿಕೊಳ್ಳುತ್ತಾನೆ. ಒಮೆಗಾ ಸೋತ. 2018ರ ಜೂನ್‌ನಲ್ಲಿ ಅವನು ಒಕಾಡನನ್ನು ಸೋಲಿಸಿ ಚಾಂಪಿಯನ್ ಆದಾಗ ಕೊನೆಗೆ ಬಿದ್ದದ್ದು ಅದೇ ಪಟ್ಟು. ಒಂದೂವರೆ ವರ್ಷ ಒಂದು ಪಟ್ಟಿನ ಮರ್ಯಾದೆ ಕಾಪಾಡಿಕೊಳ್ಳುವುದು ಅಂದರೆ ಇದು. ಒಕಾಡ ಅಷ್ಟು ಹೆದರಿಕೆಯಿಂದ ತಪ್ಪಿಸಿಕೊಳ್ಳದೆ ಇದ್ದಿದ್ದರೆ ಆ ಪಟ್ಟಿಗೆ ಆ ಬೆಲೆ ಬರುತ್ತಿರಲಿಲ್ಲ.

ಇದೆಲ್ಲದರ ಅಡಿಯಲ್ಲಿ ಒಂದು ನಂಬಿಕೆ ಇದೆ. ತಲೆಕೆಳಗಾಗಿ ಎತ್ತಿದವನ ಕೈಯಲ್ಲಿ ನಮ್ಮ ಕುತ್ತಿಗೆ ಇರುತ್ತದೆ. 1997ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಬ್ರೆಟ್‌ನ ತಮ್ಮ ಓವನ್ ಹಾರ್ಟ್ ಪೈಲ್‌ಡ್ರೈವರ್ ಹಾಕುವಾಗ ಸ್ಟೀವ್ ಆಸ್ಟಿನ್‌ನ ತಲೆ ಇರಬೇಕಾದ್ದಕ್ಕಿಂತ ಕೆಳಗೆ ಇತ್ತು. ಆಸ್ಟಿನ್ ಕೆಲವು ಹೊತ್ತು ಕೈಕಾಲು ಆಡಿಸಲಾಗದೆ ಬಿದ್ದಿದ್ದ. ಓವನ್ ಒಳ್ಳೆಯ ಕೆಲಸಗಾರ, ಆದರೂ ಹಾಗಾಯಿತು. ಆ ಕುತ್ತಿಗೆಯ ನೋವಿನ ಜೊತೆಗೇ ಆಡಿ ಆಸ್ಟಿನ್ 2003ರಲ್ಲಿ ಆಟ ನಿಲ್ಲಿಸಬೇಕಾಯಿತು. ತನ್ನ ಕೈಯಲ್ಲಿ ಯಾವ ಎದುರಾಳಿಗೂ ದೊಡ್ಡ ಗಾಯ ಆಗಲಿಲ್ಲ ಎಂದು ಬ್ರೆಟ್ ಹಾರ್ಟ್ ಹೆಮ್ಮೆಯಿಂದ ಹೇಳುತ್ತಾನೆ. ಅವನು ಗೆದ್ದ ಬೆಲ್ಟುಗಳಿಗಿಂತ ದೊಡ್ಡ ಮಾತು ಅದು ಎಂದು ನಾನು ತಿಳಿಯುತ್ತೇನೆ. ಅಷ್ಟು ಜೋಪಾನದವನ ಮೈಗೇ 1999ರ ಡಿಸೆಂಬರ್‌ನಲ್ಲಿ ಎದುರಾಳಿಯ ಒದೆ ತಲೆಗೆ ತಾಗಿ ಆಟವೇ ಮುಗಿಯಿತು. ಆ ಅನ್ಯಾಯ ನೆನೆದರೆ ಈಗಲೂ ಬೇಜಾರು.

ರಜೆಯಲ್ಲಿ ಅಕ್ಕನ ಮಗ ಮಂಗಳೂರಿನಿಂದ ಬಂದಿದ್ದ. ಅವನಿಗೆ ಹದಿಮೂರು. ಈಗ ನೆಟ್‌ಫ್ಲಿಕ್ಸ್‌ನಲ್ಲಿ ಬರುವುದರಿಂದ ಮಂಗಳವಾರ ಬೆಳಗ್ಗೆ ಶಾಲೆಗೆ ಹೊರಡುವ ಮೊದಲೇ ರಾ ಎಂಬ ವಾರದ ರೆಸ್ಲಿಂಗ್ ಕಾರ್ಯಕ್ರಮ ಶುರುವಾಗಿರುತ್ತದೆ, ಅರ್ಧ ನೋಡಿ ಹೋಗುತ್ತಾನಂತೆ. "ಹಳೆಯದ್ದರಲ್ಲಿ ಯಾವುದು ನೋಡಬೇಕು ಮಾಮ?" ಅಂದ. ನಾನು ಹಾಕಿದ್ದು 1997ರ ಮಾರ್ಚ್ 23ರದ್ದು. ಷಿಕಾಗೋ ಹತ್ತಿರದ ರೋಸ್‌ಮಾಂಟ್‌ನಲ್ಲಿ ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್. ಸೋತ ಅಂತ ಬಾಯಿಬಿಟ್ಟು ಒಪ್ಪಿಕೊಳ್ಳುವವರೆಗೆ ನಡೆಯುವ ಪಂದ್ಯ. ಶುರುವಾಗುವಾಗ ಬ್ರೆಟ್ ಒಳ್ಳೆಯವನು, ಆಸ್ಟಿನ್ ಕೆಟ್ಟವನು. ಬ್ರೆಟ್ ಆಸ್ಟಿನ್‌ನ ಕಾಲಿಗೆ ಹೊಡೆಯುತ್ತಾನೆ, ಮತ್ತೆ ಕಾಲಿಗೆ, ಮತ್ತೆ ಕಾಲಿಗೆ. ಎಷ್ಟು ನಿರ್ದಯವಾಗಿ ಅಂದರೆ ನೋಡುವವರಿಗೆ ಹೊಡೆಯುವವನ ಮೇಲೆಯೇ ಸಿಟ್ಟು ಬರುವಷ್ಟು. ಕೊನೆಗೆ ಬ್ರೆಟ್ ಶಾರ್ಪ್‌ಶೂಟರ್ ಎಂಬ ಕಾಲು ತಿರುಚುವ ಪಟ್ಟು ಹಾಕಿ ಕೂರುತ್ತಾನೆ. ಆಸ್ಟಿನ್‌ನ ಹಣೆಯಿಂದ ರಕ್ತ ಇಳಿದು ಹಲ್ಲಿನ ಸಂದಿನಲ್ಲೆಲ್ಲ ಕೆಂಪು. ಎರಡೂ ಕೈ ಊರಿ ಎದೆ ಎತ್ತುತ್ತಾನೆ, ಅರಚುತ್ತಾನೆ, ಹಿಡಿತ ಅರ್ಧ ಬಿಚ್ಚುತ್ತದೆ, ಮತ್ತೆ ಬಿಗಿಯುತ್ತದೆ. ಒಪ್ಪಿಕೊಳ್ಳುವುದಿಲ್ಲ. ಒಪ್ಪದೆಯೇ ಜ್ಞಾನ ತಪ್ಪಿ ಮಲಗುತ್ತಾನೆ. ರೆಫ್ರಿ ಕೆನ್ ಶ್ಯಾಮ್‌ರಾಕ್ ಪಂದ್ಯ ನಿಲ್ಲಿಸುತ್ತಾನೆ. ಬ್ರೆಟ್ ಆಮೇಲೂ ಬಿಡುವುದಿಲ್ಲ, ಬಿದ್ದವನ ಕಾಲಿಗೇ ಮತ್ತೆ ಹೋಗುತ್ತಾನೆ. ಶ್ಯಾಮ್‌ರಾಕ್ ಅವನನ್ನು ಎಳೆದು ಬಿಸಾಡುತ್ತಾನೆ. ಬ್ರೆಟ್ ಹೊರಗೆ ನಡೆಯುವಾಗ ಅವನಿಗೆ ಬೈಗುಳ. ಆಸ್ಟಿನ್ ಎದ್ದಾಗ ಸಹಾಯಕ್ಕೆ ಬಂದ ಇನ್ನೊಬ್ಬ ರೆಫ್ರಿಗೇ ಸ್ಟನ್ನರ್ ಎಂಬ ತನ್ನ ಪಟ್ಟು ಹಾಕಿ ಕುಂಟುತ್ತಾ ಒಬ್ಬನೇ ಹೋಗುತ್ತಾನೆ.

"ಸೋತವನ ಹೆಸರು ಕೂಗ್ತಾ ಇದ್ದಾರಲ್ಲ ಮಾಮ?" ಅಂದ ಹುಡುಗ.

ಹೌದು ಅಂದೆ. ಒಂದೇ ವರ್ಷದಲ್ಲಿ ಆ ಸೋತವನು ಕಂಪನಿಯ ಅತಿ ದೊಡ್ಡ ಸ್ಟಾರ್ ಆದ ಅಂತಲೂ ಹೇಳಿದೆ. ಅವನು ಸ್ವಲ್ಪ ಯೋಚಿಸಿ ರಿಮೋಟ್ ತೆಗೆದುಕೊಂಡ. ಈ ಸಲ ಬ್ರೆಟ್‌ನನ್ನು ಮಾತ್ರ ನೋಡುತ್ತೇನೆ ಎಂದು ಪಂದ್ಯವನ್ನು ಮೊದಲಿನಿಂದ ಹಾಕಿದ. ಬರುವ ಆದಿತ್ಯವಾರ ಮತ್ತೆ ಬರುತ್ತಾನಂತೆ. ಸ್ಯಾವೇಜ್ ಮತ್ತು ಸ್ಟೀಮ್‌ಬೋಟ್ ಹಾಕುವ ಅಂತಿದ್ದೇನೆ.